ಅಟ್ಟ ಖಾಲಿ ಇದೆ: ಇಲ್ಲದ ಸಿನಿಮಾಕ್ಕೆ ಟ್ರೈಲರ್ ಕಟ್ಟುವ ಬಗೆ

ಹಳೆಯ ಕನ್ನಡ ಸಿನಿಮಾಗಳ ಹಾಡಿನ ಪುಸ್ತಕ ಕಂಡವರು ಅದರ ಒಂದು ಸಾಲನ್ನು ಮರೆತಿರಲಾರರು. ಕಥಾಸಾರಾಂಶ ಎಂಬ ತಲೆಬರಹದ ಕೆಳಗೆ ನಾಯಕ, ನಾಯಕಿ, ಖಳನಾಯಕರ ಪರಿಚಯವಾಗಿ, ಮನೆಯಲ್ಲೊಂದು ಅನಾಹುತ ನಡೆದು, ಇನ್ನೇನು ಗುಟ್ಟು ಬಯಲಾಗಬೇಕು ಎನ್ನುವಾಗ ಕಥೆ ನಿಂತುಬಿಡುತ್ತಿತ್ತು: ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ.’ ಟ್ರೈಲರ್ ಎಂದರೇನು ಎಂದು ಕೇಳುವ ಕಿರಿಯ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಈ ಸಾಲನ್ನೇ. ಎಲ್ಲಿಯವರೆಗೆ ಹೇಳಬೇಕು, ಯಾವ ಹೊಸ್ತಿಲಲ್ಲಿ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುವುದೇ ಈ ಕೆಲಸದ ಮುಕ್ಕಾಲು ಪಾಲು. ಭಯದ ಚಿತ್ರವಾದರೆ ಅದೇ ಪೂರ್ತಿ ಕೆಲಸ.

ತುಮಕೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ ನಮ್ಮ ಐವರ ತಂಡ ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಒಂದು ಭಯಾನಕ ಚಿತ್ರದ ಟ್ರೈಲರ್, ಅದರ ಪೋಸ್ಟರ್ ಮತ್ತು ಒಂದು ಸಿನಿಮಾ ಪತ್ರಿಕೆಯ ಮುಖಪುಟ ತಯಾರಿಸಬೇಕಾಯಿತು. ಸಿನಿಮಾ ಮಾತ್ರ ಇರಲಿಲ್ಲ, ಮಾಡುವ ಉದ್ದೇಶವೂ ಇರಲಿಲ್ಲ. ಮೊದಮೊದಲು ಇದು ವಿಚಿತ್ರವೆನಿಸಿತು. ಇಲ್ಲದ ಅಡುಗೆಯ ಘಮ ಹಬ್ಬಿಸುವುದು ಹೇಗೆ? ಆಮೇಲೆ ತಿಳಿಯಿತು, ಟ್ರೈಲರ್ ಎನ್ನುವುದು ಸಿನಿಮಾದಿಂದ ಕತ್ತರಿಸಿ ತೆಗೆದ ತುಂಡುಗಳ ಗಂಟಲ್ಲ, ತನ್ನದೇ ಕಟ್ಟುಪಾಡು ಇರುವ ಬೇರೆ ಕೃತಿ. ಆಲ್ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಚಿತ್ರಕ್ಕೆ ಮಾಡಿದ ಟ್ರೈಲರ್ ಆರು ನಿಮಿಷಕ್ಕೂ ಉದ್ದವಿದೆ. ಅದರಲ್ಲಿ ನಿರ್ದೇಶಕನೇ ಸೆಟ್‌ನಲ್ಲಿ ಅಡ್ಡಾಡುತ್ತಾ, ಮನೆ ತೋರಿಸುತ್ತಾ, ಇಲ್ಲಿ ಏನೋ ನಡೆಯಿತು ಎಂದು ಹೇಳಹೊರಟು ಮಾತು ನುಂಗುತ್ತಾನೆ. ಕೊನೆಗೆ ಸ್ನಾನದ ಮನೆಯ ಪರದೆ ಸರಿದಾಗ ಚೀರುವವಳು ಚಿತ್ರದಲ್ಲಿ ಅಲ್ಲಿ ಸಾಯುವ ಜಾನೆಟ್ ಲೀ ಕೂಡ ಅಲ್ಲ, ವಿಗ್ ತೊಟ್ಟ ಇನ್ನೊಬ್ಬ ನಟಿ ವೆರಾ ಮೈಲ್ಸ್. ಟ್ರೈಲರಿಗೆಂದೇ ಬೇರೆ ಚಿತ್ರೀಕರಣ ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಥೆ ಹುಡುಕುವಾಗ ನಮ್ಮ ತಂಡವೂ ಎಲ್ಲರ ಹಾಗೆ ದೊಡ್ಡ ಜಾಗಗಳ ಕಡೆಗೇ ನೋಡಿತು. ಒಬ್ಬರಿಗೆ ದೇವರಾಯನದುರ್ಗದ ಕಾಡು ಬೇಕಿತ್ತು, ಇನ್ನೊಬ್ಬರಿಗೆ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ. ದೇವರಾಯನದುರ್ಗದ ಸುತ್ತಲಿರುವುದು ಮೀಸಲು ಅರಣ್ಯ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಅಲ್ಲಿಗೆ ಕ್ಯಾಮೆರಾ ಒಯ್ಯುವಂತಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಯ ಹಾಳು ಕಟ್ಟಡಗಳು, ಸಯನೈಡ್ ದಿಬ್ಬಗಳು ವಿದ್ಯಾರ್ಥಿಗಳು ಅಲೆಯುವ ಜಾಗವಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿತ್ತು. ಹಾಳುಬಿದ್ದ ಕಟ್ಟಡ ಕಂಡರೆ ನೋಡುಗರಿಗೆ ಮುಂದೇನು ಎಂದು ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ಜಾಗದಲ್ಲಿ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ನಮಗೆ ಸಿಕ್ಕಿದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಸಹಪಾಠಿಯೊಬ್ಬಳ ಅಜ್ಜಿಯ ಮನೆ. ಆ ಸೀಮೆಯಲ್ಲಿ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಬೇರೆ ಕಡೆಯವರಿಗೆ ಸ್ವಲ್ಪ ಹೇಳಬೇಕು. ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ಏರಿಸುತ್ತಾರೆ. ಗಾಳಿಯಾಡಲೆಂದು ಅಟ್ಟದ ನೆಲಕ್ಕೆ ದಬ್ಬೆಗಳನ್ನು ಸಂದಿ ಬಿಟ್ಟು ಹಾಸಿರುತ್ತಾರೆ. ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯಿ ಅಲ್ಲೇ ಕೂರುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಕೊಬ್ಬರಿ ಆಗಿದೆಯೇ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಆಗಿದ್ದರೆ ಒಳಗೆ ಗಟ್ಟಿಯಾದುದೊಂದು ಕರಟಕ್ಕೆ ಬಡಿದು ಲೊಟಲೊಟ ಎನ್ನುತ್ತದೆ. ಆ ಮನೆಯ ನಡುಮನೆಯಲ್ಲಿ ನಿಂತು ಮೇಲಿನಿಂದ ಆ ಸದ್ದು ಕೇಳಿದ ದಿನವೇ ನಮ್ಮ ಕಥೆ ಹುಟ್ಟಿತು. ಕಥೆ ಇಷ್ಟು: ಅಜ್ಜಿ ತೀರಿಕೊಂಡಿದ್ದಾರೆ. ಮನೆ ಮಾರುವುದೆಂದಾಗಿದೆ. ಅಟ್ಟದ ಕೊಬ್ಬರಿಯನ್ನೆಲ್ಲ ಇಳಿಸಿ ಸಂತೆಗೆ ಹಾಕಿ ಆಗಿದೆ. ಆದರೂ ರಾತ್ರಿ ಯಾರೋ ಮೇಲೆ ಕೂತು, ಒಂದೊಂದೇ ಕಾಯಿಯನ್ನು ಅಲ್ಲಾಡಿಸಿ ನೋಡುತ್ತಿದ್ದಾರೆ.

ಸಿನಿಮಾದ ಹೆಸರು ‘ಅಟ್ಟ’. ಅಡಿಬರಹ ಮೂರೇ ಪದ: ಅಟ್ಟ ಖಾಲಿ ಇದೆ.

ಕನ್ನಡದಲ್ಲಿ ಭಯಕ್ಕೆ ಸಂಬಂಧಿಸಿದ ಮೂರು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಟ್ರೈಲರಿನ ಒಳಗುಟ್ಟು ಸುಲಭವಾಗಿ ತಿಳಿಯುತ್ತದೆ: ಬೆಚ್ಚುವುದು, ಅಂಜುವುದು, ಹೇಸುವುದು. ಹಠಾತ್ತನೆ ಸದ್ದಾದರೆ ಬೆಚ್ಚುತ್ತೇವೆ. ಅದು ಮೈಯ ಕೆಲಸ, ಮನಸ್ಸಿನದಲ್ಲ. ಸದ್ದು ಕಿವಿಗೆ ಬಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲೇ ಕಣ್ಣು ಮಿಟುಕಿಸಿ ಆಗಿರುತ್ತದೆ. ರಕ್ತ, ಕೊಳೆತ ಮಾಂಸ ಕಂಡರೆ ಹೇಸುತ್ತೇವೆ. ಬರಲಿರುವುದನ್ನು ನೆನೆದು ಅಂಜುತ್ತೇವೆ. ಬೆಚ್ಚಿದ್ದು ಎರಡು ಕ್ಷಣದಲ್ಲಿ ಇಳಿದುಹೋಗುತ್ತದೆ, ಹೇಸಿಗೆಯಾದರೆ ನೋಡುವವರು ಮುಖ ತಿರುಗಿಸುತ್ತಾರೆ. ಟಿಕೆಟ್ ಕೊಳ್ಳುವಂತೆ ಮಾಡುವುದು ಅಂಜಿಕೆ ಮಾತ್ರ, ಏಕೆಂದರೆ ಅದು ಟ್ರೈಲರ್ ಮುಗಿದ ಮೇಲೂ ಉಳಿಯುತ್ತದೆ. ಆದ್ದರಿಂದ ನಮ್ಮ ಎಪ್ಪತ್ತೈದು ಸೆಕೆಂಡುಗಳ ಟ್ರೈಲರಿನಲ್ಲಿ ಒಂದು ಸಲ ಮಾತ್ರ ಬೆಚ್ಚಿಸಬೇಕು, ಹೇಸಿಗೆ ಬೇಡವೇ ಬೇಡ, ಉಳಿದದ್ದೆಲ್ಲ ಅಂಜಿಕೆ ಎಂದು ತೀರ್ಮಾನಿಸಿದೆವು.

‘ನಾಳೆ ಬಾ’ ನೆನಪಿಸಿಕೊಳ್ಳಿ. 1990ರ ದಶಕದಲ್ಲಿ ಬೆಂಗಳೂರು ಮತ್ತು ನಮ್ಮ ಸುತ್ತಲಿನ ಊರುಗಳ ಬಾಗಿಲುಗಳ ಮೇಲೆ ಈ ಎರಡು ಪದಗಳನ್ನು ಬರೆಯುತ್ತಿದ್ದರು. ರಾತ್ರಿ ಗೊತ್ತಿರುವವರ ದನಿಯಲ್ಲಿ ಕೂಗುವ ದೆವ್ವ ಬರೆದುದನ್ನು ಓದಿ ವಾಪಸು ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ ಎಂಬ ನಂಬಿಕೆ. ಆ ದೆವ್ವದ ಮುಖ ಯಾರೂ ಕಂಡವರಿಲ್ಲ. ಇರುವುದು ಒಂದು ದನಿ, ಒಂದು ಬಾಗಿಲು, ಎರಡು ಪದ. ಇಡೀ ಸೀಮೆ ಅಂಜಲು ಅಷ್ಟು ಸಾಕಾಯಿತು.

ನಮ್ಮ ಮೊದಲ ತಪ್ಪು ಇಲ್ಲೇ ಆಗಿತ್ತು. ಮೊದಲ ಸಂಕಲನದಲ್ಲಿ ಅಟ್ಟದ ಒಳಗನ್ನು ತೋರಿಸಿದ್ದೆವು. ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತ ಆಕೃತಿ, ಬಿಚ್ಚಿದ ಕೂದಲು, ಬಿಳಿ ಸೀರೆ. ಮೂರು ಸೆಕೆಂಡಿನ ಶಾಟ್. ಅದಕ್ಕಾಗಿ ಒಂದು ಇಡೀ ರಾತ್ರಿ ದುಡಿದಿದ್ದೆವು. ನೋಡಿದ ಗೆಳೆಯರು ‘ಚೆನ್ನಾಗಿದೆ’ ಎಂದರು, ಮತ್ತೇನೂ ಕೇಳಲಿಲ್ಲ. ಯಾವ ಪ್ರಶ್ನೆಯೂ ಬಾರದಿದ್ದಾಗಲೇ ಟ್ರೈಲರ್ ಸೋತಿದೆ ಎಂದು ಅರ್ಥವಾಗಬೇಕಿತ್ತು. ಆದರೆ ಆ ಶಾಟ್ ಬಿದ್ದುಹೋದದ್ದು ಬೇರೆ ಕಾರಣಕ್ಕೆ. ಮನೆಯವರಿಗೆ ತೋರಿಸಿದಾಗ ಸಹಪಾಠಿಯ ದೊಡ್ಡಮ್ಮ, ಅಜ್ಜಿ ಉಡುತ್ತಿದ್ದುದೂ ಅಂಥದೇ ಸೀರೆ ಎಂದಷ್ಟೇ ಹೇಳಿ ಒಳಗೆ ಹೋದರು. ಗಂಡ ಸತ್ತ ಹೆಂಗಸಿಗೆ ಸಮಾಜ ಉಡಿಸಿದ ಬಟ್ಟೆಯನ್ನೇ ನಾವು ದೆವ್ವದ ಸಮವಸ್ತ್ರ ಮಾಡಿಬಿಟ್ಟಿದ್ದೆವು. ಮಾನಸಿಕ ಕಾಯಿಲೆ, ಮೈಮೇಲೆ ದೇವರು ಬರುವುದು, ಊರಾಚೆಯ ಸ್ಮಶಾನದ ಪಕ್ಕದ ಕೇರಿ, ಇವೆಲ್ಲ ಭಯದ ಚಿತ್ರಗಳಿಗೆ ಸಲೀಸಾಗಿ ಸಿಗುವ ಸಾಮಗ್ರಿ. ಪ್ರತಿಯೊಂದರ ಹಿಂದೆಯೂ ಬದುಕುತ್ತಿರುವ ಜನರಿದ್ದಾರೆ. ಅವುಗಳನ್ನು ಬಿಟ್ಟರೆ ಕಥೆ ಬಡವಾಗುವುದಿಲ್ಲ. ನಮ್ಮದಂತೂ ಶ್ರೀಮಂತವಾಯಿತು. ಆ ಮೂರು ಸೆಕೆಂಡನ್ನು ಅಳಿಸಿ, ಅಟ್ಟದ ಒಳಗನ್ನು ಎಲ್ಲೂ ತೋರಿಸಬಾರದು ಎಂಬ ನಿಯಮ ಹಾಕಿಕೊಂಡೆವು. ಟ್ರೈಲರ್, ಪೋಸ್ಟರ್, ಮುಖಪುಟ ಮೂರಕ್ಕೂ ಅದೇ ನಿಯಮ. ಪ್ರಚಾರ ಸಾಮಗ್ರಿಯಲ್ಲಿ ಏಕರೂಪ ಇರಬೇಕು ಎಂದು ಪಠ್ಯಪುಸ್ತಕ ಹೇಳುವಾಗ ಎಲ್ಲರೂ ಬಣ್ಣ, ಅಕ್ಷರಗಳನ್ನು ಮಾತ್ರ ಹೊಂದಿಸುತ್ತಾರೆ. ಮೂರೂ ಒಂದೇ ವಿಷಯವನ್ನು ಮುಚ್ಚಿಡಬೇಕು ಎನ್ನುವುದು ಅದಕ್ಕಿಂತ ಆಳವಾದ ಏಕರೂಪ.

ಇನ್ನು ಚಿತ್ರೀಕರಣ. ಕತ್ತಲೆಯನ್ನು ತೋರಿಸಲು ಬೆಳಕು ಬೇಕು. ಮೊಬೈಲ್ ಕ್ಯಾಮೆರಾವನ್ನು ನಿಜವಾದ ಕತ್ತಲಲ್ಲಿ ಹಿಡಿದರೆ ಅದು ತಾನಾಗಿಯೇ ಸೂಕ್ಷ್ಮತೆ ಏರಿಸಿಕೊಂಡು ಚಿತ್ರದ ತುಂಬ ಕಾಳುಕಾಳು ಎಬ್ಬಿಸುತ್ತದೆ, ಕಪ್ಪು ಇದ್ದಲ್ಲಿ ಬೂದು ಬರುತ್ತದೆ. ಇದಕ್ಕೆ ಎರಡು ಉಪಾಯ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ಇಪ್ಪತ್ತೈದು ನಿಮಿಷ ಆಕಾಶದಲ್ಲಿ ಉಳಿಯುವ ನೀಲಿ ಬೆಳಕಿನಲ್ಲಿ ಹೊರಾಂಗಣದ ಶಾಟ್‌ಗಳನ್ನು ತೆಗೆದು ಆಮೇಲೆ ಬಣ್ಣ ತಿದ್ದುವಾಗ ಕತ್ತಲಾಗಿಸುವುದು ಮೊದಲನೆಯದು. ಎರಡನೆಯದು, ಒಳಾಂಗಣದಲ್ಲಿ ಒಂದೇ ಒಂದು ಬಲವಾದ ಬೆಳಕನ್ನು ಒಂದು ಬದಿಯಿಂದ ಕೊಟ್ಟು ಉಳಿದುದನ್ನು ನೆರಳಿಗೆ ಬಿಡುವುದು. ಎರಡರಲ್ಲೂ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ಅಂದರೆ ಎಕ್ಸ್‌ಪೋಷರನ್ನು ಕೈಯಾರೆ ಹೊಂದಿಸಿ ಬೀಗ ಹಾಕಬೇಕು, ಇಲ್ಲದಿದ್ದರೆ ನಟಿ ನೆರಳಿಗೆ ಸರಿದೊಡನೆ ಕ್ಯಾಮೆರಾ ಇಡೀ ಕೋಣೆಯನ್ನು ಬೆಳಗಿಸಿಬಿಡುತ್ತದೆ.

ಹಗಲಿನಲ್ಲಿ ಆ ಮನೆಯ ಗಾಜಿನ ಹೆಂಚಿನಿಂದ ಬೆಳಕಿನ ಕೋಲು ನೇರವಾಗಿ ಇಳಿಯುತ್ತಿತ್ತು. ಸಾಂಬ್ರಾಣಿ ಹೊಗೆ ಹಾಕಿದಾಗ ಆ ಕೋಲು ಕೈಯಲ್ಲಿ ಹಿಡಿಯಬಹುದೇನೋ ಎನ್ನುವಷ್ಟು ಗಟ್ಟಿಯಾಗಿ ಕಂಡಿತು. ಹೊಗೆಯ ಕಣಗಳು ಬೆಳಕನ್ನು ಚದುರಿಸಿದಾಗ ಮಾತ್ರ ಕಿರಣ ಕಣ್ಣಿಗೆ ಕಾಣುತ್ತದೆ. ತೆಂಗಿನ ಸಿಪ್ಪೆ, ಒಣ ಕೊಬ್ಬರಿ ಎರಡೂ ಬೇಗ ಹೊತ್ತಿಕೊಳ್ಳುವ ವಸ್ತುಗಳಾದ್ದರಿಂದ ಕೆಂಡದ ಪಾತ್ರೆಯನ್ನು ಸಿಮೆಂಟಿನ ನೆಲದ ಮೇಲಿಟ್ಟು, ಪಕ್ಕದಲ್ಲೊಬ್ಬರನ್ನು ನೀರಿನ ಬಕೆಟ್ಟಿನೊಂದಿಗೆ ಕೂರಿಸಿದ್ದೆವು. ನಮ್ಮ ಮುಖ್ಯ ಶಾಟ್ ರಾತ್ರಿಯದು. ಅಟ್ಟದ ಮೇಲೆ ಒಂದು ಟಾರ್ಚ್ ಇಟ್ಟು, ಕೆಳಗಿನಿಂದ ದಬ್ಬೆಗಳ ಸಂದಿಗಳನ್ನು ಚಿತ್ರೀಕರಿಸಿದೆವು. ಸಂದಿಗಳಲ್ಲಿ ಬೆಳಕು ಗೆರೆಗೆರೆಯಾಗಿ ಇಳಿಯುತ್ತದೆ. ಮೇಲೆ ಯಾರೋ ನಡೆದಾಗ ಆ ಗೆರೆಗಳು ಒಂದಾದ ಮೇಲೊಂದು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ನಡೆದದ್ದು ನಾನೇ, ಬರಿಗಾಲಿನಲ್ಲಿ. ಪರದೆಯ ಮೇಲೆ ನೋಡಿದಾಗ ಮಾತ್ರ ಅದು ನನ್ನ ನಡಿಗೆ ಎನಿಸಲಿಲ್ಲ.

ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ವಿಡಿಯೊದ ಮೇಲೆ ಕಪ್ಪು ಪಟ್ಟಿಗಳು ತೇಲುವುದನ್ನು ಬಹಳ ಮಂದಿ ಕಂಡಿರುತ್ತಾರೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಅಂದರೆ ಪ್ರತಿ ಆವರ್ತಕ್ಕೆ ಎರಡು ಸಲದಂತೆ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಶಟರ್ ವೇಗ (ಒಂದೊಂದು ಚೌಕಟ್ಟಿಗೆ ಕ್ಯಾಮೆರಾ ಬೆಳಕು ಪಡೆಯುವ ಸಮಯ) ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗವಾಗಿದ್ದರೆ ಪಟ್ಟಿ ಬಾರದು. 60ನೇ ಒಂದು ಭಾಗವಿದ್ದರೆ ಬಂದೇಬರುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದು ಶಟರನ್ನು 50ರಲ್ಲಿ ನಿಲ್ಲಿಸಿದರೆ ಸಿನಿಮಾದ ಚಲನೆಯೂ ಸಿಗುತ್ತದೆ, ಪಟ್ಟಿಯೂ ಹೋಗುತ್ತದೆ.

ಧ್ವನಿಯ ಬಗ್ಗೆ ನಿಧಾನವಾಗಿ ಹೇಳಬೇಕು. ನನಗೆ ಅತ್ಯಂತ ಪ್ರೀತಿಯ ಭಾಗ ಇದು, ವಿದ್ಯಾರ್ಥಿಗಳು ಅತ್ಯಂತ ಅವಸರದಲ್ಲಿ ಮುಗಿಸುವ ಭಾಗವೂ ಇದೇ. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆಯಿಲ್ಲ. ಅಂತರಜಾಲದಿಂದ ಇಳಿಸಿಕೊಂಡ ಗುಡುಗು, ಬಾಗಿಲ ಕಿರ್ರು, ತೋಳದ ಕೂಗು ಹಾಕಿದರೆ ಆ ಮನೆ ತಿಪಟೂರಿನಲ್ಲಿ ಉಳಿಯುವುದಿಲ್ಲ. ನಾವು ಎರಡನೆಯ ಮೊಬೈಲನ್ನು ಮಡಚಿದ ಟವೆಲ್ಲಿನ ಮೇಲಿಟ್ಟು ಕೊಬ್ಬರಿಯ ಸದ್ದನ್ನು ಮೂರು ದೂರಗಳಿಂದ ಮುದ್ರಿಸಿಕೊಂಡೆವು: ಕಿವಿಯ ಪಕ್ಕದಿಂದ, ಏಣಿಯ ಬುಡದಿಂದ, ಹಜಾರದ ಆಚೆಯಿಂದ. ಟ್ರೈಲರ್ ಮುಂದುವರಿದಂತೆ ದೂರದ ಸದ್ದು ಹತ್ತಿರವಾಗುತ್ತದೆ, ಅಷ್ಟೇ. ಜೊತೆಗೆ ಯಾರೂ ಮಾತಾಡದ ಖಾಲಿ ಕೋಣೆಯನ್ನೂ ಮೂವತ್ತು ಸೆಕೆಂಡು ಮುದ್ರಿಸಿಕೊಳ್ಳಬೇಕು. ಮೌನ ಬೇಕಾದಲ್ಲಿ ಧ್ವನಿಪಟ್ಟಿಯನ್ನು ಬರಿದು ಬಿಟ್ಟರೆ ವಿಡಿಯೊ ಕೆಟ್ಟಿದೆ ಎನಿಸುತ್ತದೆ. ಕೋಣೆಯ ಉಸಿರು ಇದ್ದರೆ ಮಾತ್ರ ಅದು ಮೌನ.

ಚೀತ್ಕಾರ ಏಕೆ ಮೈ ನಡುಗಿಸುತ್ತದೆ ಎಂಬುದರ ಬಗ್ಗೆ 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದೆ. ಚೀತ್ಕಾರದಲ್ಲಿ ಸದ್ದಿನ ಬಲ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ. ಈ ಒರಟುತನ ಸಾಮಾನ್ಯ ಮಾತಿನಲ್ಲಿಲ್ಲ, ಅಪಾಯ ಸಾರುವ ಅಲಾರಂ ಸದ್ದುಗಳಲ್ಲಿದೆ. ಈ ತಿಳಿವಳಿಕೆ ನಮಗೆ ಉಪಯೋಗಕ್ಕೆ ಬಂತು. ನಮ್ಮ ಟ್ರೈಲರಿನಲ್ಲಿ ಯಾರೂ ಚೀರುವುದಿಲ್ಲ. ಬದಲಿಗೆ ತುಕ್ಕು ಹಿಡಿದ ಬಾವಿಯ ರಾಟೆ ತಿರುಗುತ್ತದೆ. ಒಂದು ಸಲ ಮಾತ್ರ, ಒರಟಾಗಿ, ಕಿವಿಗೆ ಹತ್ತಿರವಾಗಿ.

ಸಿನಿಮಾ ಮಂದಿರದ ಟ್ರೈಲರುಗಳಲ್ಲಿ ಕೇಳುವ ಆಳವಾದ ಗುಂಯ್ ಸದ್ದನ್ನು ನಾವೂ ಹಾಕಿ ಮೋಸಹೋದೆವು. ಹೆಡ್‌ಫೋನಿನಲ್ಲಿ ಎದೆ ನಡುಗುತ್ತಿತ್ತು, ಮೊಬೈಲಿನಲ್ಲಿ ಏನೂ ಇರಲಿಲ್ಲ. ಮೊಬೈಲಿನ ಪುಟ್ಟ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಬಹುಪಾಲು ನುಡಿಸಲಾರದು. ನಿಮ್ಮ ಟ್ರೈಲರನ್ನು ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಅದೇ. ಅಂಜಿಕೆಯನ್ನು ಹೊರಬೇಕಾದ ಸದ್ದನ್ನು ಮಧ್ಯದ ಸ್ವರಗಳಲ್ಲಿ ಇಡಿ. ಕರಟದೊಳಗಿನ ಕೊಬ್ಬರಿ ಅಲ್ಲೇ ಇದ್ದದ್ದು ನಮ್ಮ ಪುಣ್ಯ. ಇನ್ನೊಂದು ವಿಷಯ: ಯೂಟ್ಯೂಬ್ ಮಿತಿ ಮೀರಿದ ಸದ್ದಿನ ವಿಡಿಯೊಗಳನ್ನು ತಾನೇ ತಗ್ಗಿಸಿ ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ. ಎಲ್ಲವನ್ನೂ ಜೋರಾಗಿ ಇಟ್ಟರೆ ಲಾಭವಿಲ್ಲ. ಒಂದು ಸದ್ದು ಬಡಿಯಬೇಕೆಂದರೆ ಅದರ ಹಿಂದಿನದನ್ನು ಇಳಿಸಬೇಕು.

ಜೋಡಣೆ ಹೀಗಿತ್ತು. ಮೊದಲ ಇಪ್ಪತ್ತು ಸೆಕೆಂಡು ಭಯವೇ ಇಲ್ಲ. ಮೊಮ್ಮಗಳು ಬಸ್ಸಿನಿಂದ ಇಳಿಯುತ್ತಾಳೆ, ತೋಟದ ದಾರಿ, ಬೀಗ ತೆಗೆಯುತ್ತಾಳೆ, ಕೊಬ್ಬರಿ ಮೂಟೆ ಹೊತ್ತ ಗಾಡಿ ಹೊರಡುತ್ತದೆ. ‘ಅಟ್ಟ ಪೂರ್ತಿ ಖಾಲಿ ಆಯಿತಾ?’ ‘ಆಯಿತಮ್ಮ.’ ಇಡೀ ಟ್ರೈಲರಿನಲ್ಲಿರುವ ಮಾತು ಇಷ್ಟೇ. ಈ ಭಾಗದ ಶಾಟ್‌ಗಳು ಮೂರು ನಾಲ್ಕು ಸೆಕೆಂಡು ಉದ್ದ, ನೋಡುಗರ ಉಸಿರು ಅದೇ ಲಯಕ್ಕೆ ಒಗ್ಗಿಕೊಳ್ಳಲಿ ಎಂದು. ನಂತರ ರಾತ್ರಿ, ಮೊದಲ ಲೊಟಲೊಟ, ತಲೆ ಎತ್ತಿದ ಮುಖ. ಅಲ್ಲಿಂದ ಮುಂದೆ ಶಾಟ್‌ಗಳು ಚಿಕ್ಕದಾಗುತ್ತ ಹೋಗುತ್ತವೆ, ಎರಡು ಸೆಕೆಂಡು, ಒಂದು, ಅರ್ಧ. ರಾಟೆ ಕಿರುಚುತ್ತದೆ, ಕಪ್ಪು ಪರದೆ. ಹೆಸರು ಬರುತ್ತದೆ. ಮುಗಿಯಿತು ಎಂದುಕೊಳ್ಳುವಾಗ ಕೊನೆಯ ಶಾಟ್: ದಬ್ಬೆಗಳ ಸಂದಿ, ಆರುವ ಗೆರೆಗಳು, ಮೊಮ್ಮಗಳ ತಲೆಯ ಮೇಲಕ್ಕೆ ಬಂದು ನಿಲ್ಲುವ ಹೆಜ್ಜೆ. ಹನ್ನೆರಡು ಚೌಕಟ್ಟು, ಅಂದರೆ ಅರ್ಧ ಸೆಕೆಂಡು ಮೌನ. ಸುಲಿಯದ ಕಾಯಿಯೊಂದು ಏಣಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಉರುಳಿ ಬರುತ್ತದೆ. ಏಣಿಯ ತುದಿಯನ್ನು ನಾವು ತೋರಿಸುವುದಿಲ್ಲ.

ಪೋಸ್ಟರಿಗೆ ಏಣಿಯೊಂದೇ ಸಾಕಾಯಿತು. ಕೆಳಗಿನಿಂದ ಮೇಲಕ್ಕೆ ಹೋಗುವ ಬಿದಿರಿನ ಏಣಿ, ಮೇಲೆ ಅಟ್ಟದ ಕಪ್ಪು ಬಾಯಿ. ಹೆಸರಿನ ಅಕ್ಷರಗಳನ್ನು ಕೈಯಲ್ಲೇ ಬರೆದೆವು. ‘ಅಟ್ಟ’ ಪದದಲ್ಲಿ ಸಾಲಿನ ಕೆಳಗೆ ಜೋತುಬೀಳುವ ಒತ್ತಕ್ಷರ ಇದೆ. ಅದನ್ನು ಸ್ವಲ್ಪ ಉದ್ದಕ್ಕೆ ಎಳೆದಾಗ ಮೇಲಿನಿಂದ ಯಾರೋ ಇಳಿಯಬಿಟ್ಟ ಕೈಯಂತೆ ಕಂಡಿತು. ಇಂಗ್ಲಿಷ್ ಪೋಸ್ಟರುಗಳ ಉದ್ದನೆಯ ದೊಡ್ಡಕ್ಷರಗಳನ್ನು ಕನ್ನಡದಲ್ಲಿ ನಕಲು ಮಾಡಲು ಹೊರಡುವವರು ಈ ಒತ್ತಕ್ಷರಗಳನ್ನು ಅಡ್ಡಿ ಎಂದುಕೊಳ್ಳುತ್ತಾರೆ. ನಮ್ಮ ಲಿಪಿಯ ಸೊಗಸು ಇರುವುದೇ ಅಲ್ಲಿ. ತಾಂತ್ರಿಕ ಎಚ್ಚರಿಕೆಯೂ ಬೇಕು. ಯೂನಿಕೋಡ್ ಬರುವ ಮೊದಲಿನ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಠ್ಯ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಬಹುದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗಾಗಿ ಇರುವ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಮುದ್ರಣಕ್ಕೆ ಕಳುಹಿಸುವ ಮೊದಲು ಅಕ್ಷರಗಳನ್ನೆಲ್ಲ ಆಕಾರಗಳಾಗಿ ಪರಿವರ್ತಿಸಿಬಿಡಬೇಕು. ಎ3 ಅಳತೆಗೆ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) 3508ಕ್ಕೆ 4961 ಪಿಕ್ಸೆಲ್ ಬೇಕಾಗುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ. ನಮ್ಮ ಮೊದಲ ಪ್ರತಿ ಮುದ್ರಣವಾಗಿ ಬಂದಾಗ ಏಣಿಯೇ ಕಾಣಿಸುತ್ತಿರಲಿಲ್ಲ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ನೆರಳಿನ ಭಾಗಗಳನ್ನು ಪರದೆಯ ಮೇಲೆ ಅತಿಯೆನಿಸುವಷ್ಟು ತಿಳಿಯಾಗಿಸಿದ ಮೇಲೆ ಕಾಗದದಲ್ಲಿ ಸರಿಯಾಯಿತು.

ಪೋಸ್ಟರಿನ ಮೂಲೆಯಲ್ಲಿ ಸೆನ್ಸಾರ್ ಗುರುತು ಹಾಕಿದರೆ ನಿಜವಾದ ಸಿನಿಮಾದಂತೆ ಕಾಣುತ್ತದೆ ಎಂದು ನಮಗೂ ಆಸೆಯಾಗಿತ್ತು. ಹಾಕಬಾರದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಕೇಂದ್ರದ ಚಲನಚಿತ್ರ ಪ್ರಮಾಣೀಕರಣ ಮಂಡಳಿಯಿಂದ ಬರಬೇಕು. 2023ರ ತಿದ್ದುಪಡಿಯ ನಂತರ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ವರ್ಗದಲ್ಲೇ 7, 13, 16 ವಯಸ್ಸಿನ ಮೂರು ವಿಭಾಗಗಳಿವೆ. ಪಡೆಯದ ಪ್ರಮಾಣಪತ್ರದ ಗುರುತು ಸುಳ್ಳು. ಹಾಡು, ಸಂಗೀತದ ವಿಷಯದಲ್ಲಿ ನಮಗೆ ಕಷ್ಟವಾಗಲಿಲ್ಲ, ಎಲ್ಲವೂ ನಾವೇ ಮುದ್ರಿಸಿದ ಸದ್ದಾಗಿತ್ತು.

ಮುಖಪುಟದ ಕೆಲಸ ಬೇರೆ. ಅದು ಮೊದಲು ಪತ್ರಿಕೆಯನ್ನು ಮಾರಬೇಕು, ಆಮೇಲೆ ಸಿನಿಮಾವನ್ನು. ಹೀಗಾಗಿ ಅದರಲ್ಲಿ ಮುಖ ಬೇಕು, ಕಣ್ಣು ಬೇಕು, ಬೇರೆ ಲೇಖನಗಳ ತಲೆಬರಹಗಳೂ ಬೇಕು. ಇರುವ ಪತ್ರಿಕೆಯ ಹೆಸರನ್ನು ಎತ್ತಿಕೊಳ್ಳದೆ ನಮ್ಮದೇ ಹೆಸರು ಬರೆದುಕೊಂಡೆವು. ಮುಖಪುಟದ ನಟಿ ಸಾಮಾನ್ಯವಾಗಿ ಓದುಗರನ್ನು ನೋಡುತ್ತಾಳೆ. ನಮ್ಮವಳು ಪತ್ರಿಕೆಯ ಹೆಸರಿಗಿಂತಲೂ ಮೇಲಕ್ಕೆ, ಪುಟದ ಆಚೆಗೆ ನೋಡುತ್ತಿದ್ದಳು.

ಪ್ರಚಾರದ ಹೊತ್ತಿಗೆ ತಂಡದಲ್ಲಿ ದೊಡ್ಡ ವಾದವಾಯಿತು. 1999ರಲ್ಲಿ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಅಮೆರಿಕದ ಭಯಾನಕ ಚಿತ್ರದ ತಂಡ ನಟರನ್ನೇ ನಾಪತ್ತೆಯಾದವರೆಂದು ಬಿಂಬಿಸಿ ಜಾಲತಾಣ ಮಾಡಿ, ‘ಕಾಣೆಯಾಗಿದ್ದಾರೆ’ ಎಂಬ ಪೋಸ್ಟರ್ ಅಂಟಿಸಿತ್ತು. ತುಮಕೂರಿನ ಬಸ್ ನಿಲ್ದಾಣದಲ್ಲಿ ನಾವೂ ಹಾಗೆಯೇ ಮಾಡೋಣ ಎಂಬ ಸಲಹೆ ಬಂತು. ನಾನು ಬೇಡವೆಂದೆ, ಈಗಲೂ ಬೇಡವೆನ್ನುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿಯಿಂದ ದೇಶದ ಹಲವೆಡೆ, ಬೆಂಗಳೂರಿನಲ್ಲೂ, ಅಮಾಯಕರನ್ನು ಬಡಿದು ಕೊಂದಿದ್ದಾರೆ. 2019ರಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ದೆವ್ವದ ವೇಷ ತೊಟ್ಟು ರಾತ್ರಿ ದಾರಿಹೋಕರನ್ನು ಹೆದರಿಸಿದ ಯುವಕರನ್ನು ಪೊಲೀಸರು ಬಂಧಿಸಿದ್ದರು. ಹೆದರಲು ಒಪ್ಪಿ ಕುಳಿತವರನ್ನು ಹೆದರಿಸುವುದು ಕಲೆ. ಬಸ್ಸಿಗೆ ಕಾಯುತ್ತಿರುವ ತಾಯಿಯನ್ನು ಹೆದರಿಸುವುದು ಹಿಂಸೆ. ನಮ್ಮ ಪೋಸ್ಟರಿನ ಕೆಳಗೆ ಇದು ವಿದ್ಯಾರ್ಥಿಗಳ ಯೋಜನೆ ಎಂದು ಸ್ಪಷ್ಟವಾಗಿ ಬರೆದೆವು. ಅದರಿಂದ ಭಯ ಕಡಿಮೆಯಾಗಲಿಲ್ಲ.

ಮೊಬೈಲಿಗಾಗಿ ಹದಿನೈದು ಸೆಕೆಂಡಿನ, ನೆಟ್ಟನೆಯ ಚೌಕಟ್ಟಿನ ಆವೃತ್ತಿಯನ್ನೂ ಮಾಡಿದೆವು, 1080ಕ್ಕೆ 1920 ಪಿಕ್ಸೆಲ್. ಅಡ್ಡ ಚಿತ್ರವನ್ನು ಬದಿಗಳಲ್ಲಿ ಕತ್ತರಿಸಿದರೆ ಅದು ಆಗುವುದಿಲ್ಲ. ಏಣಿಯ ಶಾಟನ್ನು ಮೊಬೈಲ್ ನೆಟ್ಟಗೆ ಹಿಡಿದು ಮತ್ತೊಮ್ಮೆ ತೆಗೆದೆವು. ಅಟ್ಟದ ಕಥೆಗೆ ಆ ಚೌಕಟ್ಟೇ ಹೆಚ್ಚು ಹೊಂದಿತು.

ಕೊನೆಯ ಪರೀಕ್ಷೆಗೆ ಮೊದಲ ವರ್ಷದ ಹನ್ನೊಂದು ಮಂದಿಯನ್ನು ಕೂರಿಸಿ ತೋರಿಸಿದೆವು. ಇಂಥ ಹೊತ್ತಿನಲ್ಲಿ ಪರದೆ ನೋಡಬೇಡಿ, ನೋಡುವವರನ್ನು ನೋಡಿ. ಎಲ್ಲಿ ಮೊಬೈಲ್ ತೆಗೆಯುತ್ತಾರೆ, ಎಲ್ಲಿ ಮೈ ಕದಲದೆ ಕೂರುತ್ತಾರೆ ಎಂದು ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಳ್ಳಿ. ಮೂವತ್ತೈದನೇ ಸೆಕೆಂಡಿನ ಸುತ್ತ ಮೂವರು ಕದಲಿದ್ದರು. ಅಲ್ಲಿದ್ದ ತೋಟದ ಶಾಟನ್ನು ತೆಗೆದುಹಾಕಿದೆವು. ಕೊನೆಯ ಅರ್ಧ ಸೆಕೆಂಡಿನ ಮೌನದಲ್ಲಿ ಇಬ್ಬರು ಪರದೆ ಬಿಟ್ಟು ತಲೆ ಎತ್ತಿ ತರಗತಿಯ ಚಾವಣಿಯನ್ನು ನೋಡಿದರು. ಆ ಜಾಗವನ್ನು ಮುಟ್ಟಲಿಲ್ಲ.